ಮಿನಿಕಾಯ್ ಬಿಸಿಲಿನ ಲೆಕ್ಕ ತಾಳೆಯಾಗುತ್ತಿಲ್ಲ, ತಪ್ಪು ಯಾರದು?

ಪ್ರಶ್ನೆ: ಹಾಸನದಲ್ಲಿ ಭೌತವಿಜ್ಞಾನ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ, ಊರು ಸಕಲೇಶಪುರದ ಹತ್ತಿರ. ಪ್ರಾಜೆಕ್ಟ್‌ಗೆಂದು ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಪೈರನೋಮೀಟರ್ (ನೆಲಕ್ಕೆ ಬೀಳುವ ಬಿಸಿಲನ್ನು ಅಳೆಯುವ ಉಪಕರಣ) ಅಳೆದ ಒಂದು ವರ್ಷದ ಬಿಸಿಲಿನ ಅಂಕಿಗಳು ಸಿಕ್ಕಿವೆ. ಮೋಡವಿಲ್ಲದ ದಿನಗಳನ್ನು ಆರಿಸಿಕೊಂಡು, ಅದೇ ದಿನಗಳಿಗೆ ಎಸ್‌ಬಿಡಾರ್ಟ್ ಎಂಬ, ವಾತಾವರಣ ದಾಟಿ ಬರುವ ಬಿಸಿಲನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾಡೆಲ್ ಓಡಿಸಿ ನೋಡಿದೆ. ಗಾಳಿಯಲ್ಲಿನ ಕಣಗಳಿಗೆ ಮಾಡೆಲ್‌ನಲ್ಲಿರುವ ‘ಕಡಲ’ ಬಗೆಯನ್ನು ಆರಿಸಿ, ಅಲ್ಲೇ ಅಳೆದ ಆಪ್ಟಿಕಲ್ ಡೆಪ್ತ್ (ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಎಂಬುದರ ಅಳತೆ) ಕೊಟ್ಟಿದ್ದೇನೆ. ಫೆಬ್ರವರಿ–ಮಾರ್ಚ್‌ನಲ್ಲಿ ಅಳತೆಯು ಮಾಡೆಲ್‌ಗಿಂತ ದಿನದ ಸರಾಸರಿಯಲ್ಲಿ ಚದರ ಮೀಟರಿಗೆ 12ರಿಂದ 18 ವ್ಯಾಟ್ ಕಡಿಮೆ ಬರುತ್ತಿದೆ. ಅಕ್ಟೋಬರ್‌ನಲ್ಲಿ ಸಿಕ್ಕ ಕೆಲವೇ ದಿನಗಳಲ್ಲಿ ವ್ಯತ್ಯಾಸ 4–5 ಮಾತ್ರ. ಗೈಡ್ ಸರ್ ‘ಮಾಡೆಲ್ ಉತ್ತರವನ್ನು 0.95ರಿಂದ ಗುಣಿಸಿಬಿಡು, ಸರಿಹೋಗುತ್ತೆ’ ಅಂತಾರೆ. ಸೀನಿಯರ್ ಒಬ್ಬರು ‘ವಾತಾವರಣದಲ್ಲಿ ವಿಜ್ಞಾನಿಗಳಿಗೂ ಗೊತ್ತಿಲ್ಲದ ಹೀರಿಕೆ ಇದೆ, 1995ರಲ್ಲೇ ದೊಡ್ಡ ಗಲಾಟೆ ಆಗಿತ್ತು, ನಿನಗೆ ಅದೇ ಸಿಕ್ಕಿದೆ’ ಅಂತಾರೆ. ಇನ್ಸಾಟ್ ಉಪಗ್ರಹದ ಬಿಸಿಲಿನ ಅಂಕಿ ನೋಡಿದರೆ ಅದು ಮಾಡೆಲ್ ಪಕ್ಕದಲ್ಲಿದೆ. ಮನೆಯಲ್ಲಿ ಅಪ್ಪ ಕೇಳುತ್ತಾರೆ: ‘ಮೋಡ ಇಲ್ಲ, ನೀಲಿ ಆಕಾಶ, ಕಡಲ ಶುದ್ಧ ಗಾಳಿ. ಬಿಸಿಲನ್ನ ತಿನ್ನೋಕೆ ಅಲ್ಲಿ ಏನಿದೆ?’ ಯಾರನ್ನು ನಂಬಲಿ? ವರದಿ ಸಲ್ಲಿಸಲು ಎರಡೇ ತಿಂಗಳಿದೆ.

ಉತ್ತರ: ನಿಮ್ಮ ಆತಂಕ ಇಷ್ಟು: ಅಳತೆ ಒಂದು ಹೇಳುತ್ತಿದೆ, ಲೆಕ್ಕ ಇನ್ನೊಂದು ಹೇಳುತ್ತಿದೆ, ಸುತ್ತ ಇರುವವರು ತಲೆಗೊಂದು ಮಾತಾಡುತ್ತಿದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗುಣಿಸಬೇಡಿ. ಹೊಸ ಹೀರಿಕೆಯ ಶೋಧವೂ ಇದಲ್ಲ. ಫೆಬ್ರವರಿಯ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ನೀವು ಮಾಡೆಲ್‌ನಲ್ಲಿ ಆರಿಸಿದ ಆ ‘ಕಡಲ’ ಬಗೆಯ ಕಣಗಳದ್ದು ಎಂದು ನನಗೆ ಅನಿಸುತ್ತದೆ. ಒಂದಷ್ಟು ಪೈರನೋಮೀಟರ್‌ನದ್ದು, ಸ್ವಲ್ಪ ಎಸ್‌ಬಿಡಾರ್ಟ್‌ನ ವಯಸ್ಸಿನದ್ದು. ಇದನ್ನು ಪರೀಕ್ಷಿಸಿ ನೋಡಲು ಬೇಕಾದ ಸಾಕ್ಷ್ಯ ನಿಮ್ಮ ಕಡತದಲ್ಲೇ ಇದೆ.

ನಿಮ್ಮ ತಂದೆಯವರ ಪ್ರಶ್ನೆಯಿಂದ ಶುರು ಮಾಡೋಣ, ಯಾಕೆಂದರೆ ಎಷ್ಟೋ ಜನ ಓದಿಕೊಂಡವರೂ ಅದೇ ಎಣಿಕೆಯಲ್ಲಿರುತ್ತಾರೆ. ಆಕಾಶ ನೀಲಿ ಕಾಣುವುದು ಗಾಳಿ ಬೆಳಕನ್ನು ಚದುರಿಸುವುದರಿಂದ. ಚದುರಿದ ಬೆಳಕು ಕಳೆದುಹೋಗುವುದಿಲ್ಲ, ದಿಕ್ಕು ಬದಲಿಸುತ್ತದೆ ಅಷ್ಟೆ. ಹೀರಿಕೆ ಬೇರೆ ವ್ಯವಹಾರ: ಬೆಳಕು ಅಲ್ಲೇ ಶಾಖವಾಗಿ ಗಾಳಿಯನ್ನು ಬಿಸಿಮಾಡುತ್ತದೆ. ಅದರಲ್ಲಿ ದೊಡ್ಡ ಪಾಲು ನೀರಾವಿಯದು, ಅದೂ ನಮ್ಮ ಕಣ್ಣಿಗೆ ಕಾಣದ ಸಮೀಪದ ಅವಕೆಂಪಿನಲ್ಲಿ, ಮುಖ್ಯವಾಗಿ 0.94, 1.1, 1.4, 1.9, 2.7 ಮೈಕ್ರೋಮೀಟರ್ ಆಸುಪಾಸಿನ ಪಟ್ಟಿಗಳಲ್ಲಿ. ಕಣ್ಣಿಗೆ ನೀಲಿಯಾಗಿಯೇ ಇರುವ ಆಕಾಶ ಆ ಪಟ್ಟಿಗಳಲ್ಲಿ ಹೆಚ್ಚೂಕಡಿಮೆ ಕತ್ತಲೆ. ಅತಿನೇರಳೆಯನ್ನು ಓಝೋನ್ ನೋಡಿಕೊಳ್ಳುತ್ತದೆ, ಆಮ್ಲಜನಕ 0.76ರ ಹತ್ತಿರ ಒಂದು ಕಿರಿದಾದ ಪಟ್ಟಿ ಕತ್ತರಿಸುತ್ತದೆ. ಉಷ್ಣವಲಯದ ಕಡಲ ಮೇಲಿನ ನೀರಾವಿಯನ್ನೆಲ್ಲ ನೀರು ಮಾಡಿ ಇಳಿಸಿದರೆ ಸಾಮಾನ್ಯವಾಗಿ ನಾಲ್ಕರಿಂದ ಐದು ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಹೀಗಾಗಿ ಒಂದು ತುಣುಕು ಮೋಡವಿಲ್ಲದಿದ್ದರೂ ಮೇಲಿನಿಂದ ಬಂದ ಬಿಸಿಲಿನಲ್ಲಿ ಸುಮಾರು ಐದರಲ್ಲೊಂದು ಪಾಲು ಗಾಳಿಯಲ್ಲೇ ಉಳಿದುಬಿಡುತ್ತದೆ.

ಇನ್ನು ‘ಕಡಲ ಶುದ್ಧ ಗಾಳಿ’. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಿನಿಕಾಯ್‌ಗೆ ಬರುವ ಗಾಳಿ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಬಂದದ್ದು. ಚಳಿಗಾಲದಲ್ಲಿ ಅದು ತಿರುಗಿಬೀಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿಗೆ ಬೀಸುವುದು ನಮ್ಮ ಮೂಡಲ ಗಾಳಿಯೇ. ಫೆಬ್ರವರಿಯ ಒಂದು ಬೆಳಿಗ್ಗೆ ಮುಳ್ಳಯ್ಯನಗಿರಿ ಹತ್ತಿ ಕಡೂರಿನ ಬಯಲಿನ ಕಡೆ ನೋಡಿ. ದಿಗಂತದ ಮೇಲೆ ಕಂದು ಬಣ್ಣದ ಒಂದು ಪಟ್ಟಿ, ಅದರ ಮೇಲಂಚು ಗೆರೆ ಎಳೆದಂತೆ, ಗೆರೆಯ ಮೇಲೆ ಮಾತ್ರ ನಿಜವಾದ ನೀಲಿ. 1,930 ಮೀಟರ್ ಎತ್ತರದಲ್ಲಿ ನಿಂತಾಗ ನಾವು ಕೆಲವೊಮ್ಮೆ ಆ ಮಬ್ಬಿನ ಮೇಲಿರುತ್ತೇವೆ, ಕೆಲವೊಮ್ಮೆ ಒಳಗೆ. ಸೌದೆ ಒಲೆ, ಡೀಸೆಲ್, ಇಟ್ಟಿಗೆ ಗೂಡು, ಗದ್ದೆ ಹೊಲದ ಬೆಂಕಿ, ರಸ್ತೆ ಧೂಳು ಎಲ್ಲ ಸೇರಿದ ಆ ಪದರ ಘಟ್ಟ ದಾಟಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ತೊಳೆಯಲು ಮಳೆಯಿಲ್ಲ.

ಇದು ಊಹೆಯಲ್ಲ. 1999ರ ಜನವರಿಯಿಂದ ಮಾರ್ಚ್‌ವರೆಗೆ ವೀರಭದ್ರನ್ ರಾಮನಾಥನ್ ಮತ್ತು ಪಾಲ್ ಕ್ರುಟ್ಜನ್ ನೇತೃತ್ವದ ಇಂಡೋಎಕ್ಸ್ ಪ್ರಯೋಗ ಹಡಗು, ವಿಮಾನ, ಉಪಗ್ರಹ ಎಲ್ಲವನ್ನೂ ಬಳಸಿ ಇದನ್ನೇ ಅಳೆಯಿತು. ಮಿನಿಕಾಯ್‌ನ ದಕ್ಷಿಣಕ್ಕೆ, ಮಾಲ್ಡೀವ್ಸ್‌ನ ಕಾಶಿಧೂ ದ್ವೀಪದಲ್ಲಿ ಅದರ ಮುಖ್ಯ ನೆಲೆ ಇತ್ತು. ಉತ್ತರ ಹಿಂದೂ ಮಹಾಸಾಗರದ ಮೋಡವಿಲ್ಲದ ಆಕಾಶದಲ್ಲಿ ಕಣಗಳಿಂದಾಗಿ ಕಡಲಿಗೆ ತಲುಪುವ ಬಿಸಿಲು ಸರಾಸರಿ ಸುಮಾರು 23 ವ್ಯಾಟ್ ಕಡಿಮೆಯಾಗಿತ್ತು. ಅದರಲ್ಲಿ ಬಾಹ್ಯಾಕಾಶಕ್ಕೆ ವಾಪಸ್ಸಾದದ್ದು 7 ಮಾತ್ರ, ಮಿಕ್ಕ 16 ಗಾಳಿಯಲ್ಲೇ ಉಳಿಯಿತು. ಕಾಶಿಧೂ ಅಳತೆಗಳನ್ನು ಎಸ್.ಕೆ. ಸತೀಶ್ ಮತ್ತು ರಾಮನಾಥನ್ 2000ದಲ್ಲಿ ಪ್ರಕಟಿಸಿದಾಗ ಜನರ ಹುಬ್ಬೇರಿಸಿದ್ದು ಇದೇ: ಮೇಲೆ ಆಗುವ ಬದಲಾವಣೆ ಚಿಕ್ಕದು, ಕೆಳಗೆ ಆಗುವುದು ಅದರ ಹಲವು ಪಟ್ಟು. ನಡುವೆ ಬೆಳಕು ಹೀರುವ ಹೊಗೆಯ ಮಸಿ ಕೂತಿದೆ.

ಈಗ ನಿಮ್ಮ ಸೀನಿಯರ್ ಹೇಳಿದ 1995ರ ಗಲಾಟೆ. ಗಲಾಟೆ ಆಗಿದ್ದು ನಿಜ. ಆ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಮೂರು ಲೇಖನಗಳು ಒಂದರ ಬೆನ್ನಿಗೆ ಒಂದು ಬಂದು, ಮಾಡೆಲ್‌ಗಳು ಹೇಳುವುದಕ್ಕಿಂತ ಬಹಳ ಹೆಚ್ಚು ಬಿಸಿಲನ್ನು ವಾತಾವರಣ ಹೀರುತ್ತಿದೆ ಎಂದವು. ಆದರೆ ಅವು ಬೊಟ್ಟು ಮಾಡಿದ್ದು ಮೋಡಗಳ ಕಡೆ. ಮೋಡವಿಲ್ಲದ ದಿನಗಳನ್ನೇ ಆರಿಸಿಕೊಂಡ ನಿಮಗೆ ಆ ಜಗಳ ನೇರವಾಗಿ ಅನ್ವಯಿಸುವುದಿಲ್ಲ. ಮರುವರ್ಷವೇ ಆಲ್ಬರ್ಟ್ ಆರ್ಕಿಂಗ್ ‘ಕೊರತೆ ಮೋಡದ್ದಲ್ಲ, ನೀರಾವಿಯ ಲೆಕ್ಕದ್ದು’ ಎಂಬ ವಾದ ಮುಂದಿಟ್ಟರು. ಆಮೇಲಿನ ವರ್ಷಗಳಲ್ಲಿ ಈ ಕೊರತೆ ಕರಗಿದ್ದು ಒಂದು ಮಹಾ ಶೋಧದಿಂದಲ್ಲ, ಒಂದೊಂದು ವ್ಯಾಟ್ ಆಗಿ, ಬೇರೆಬೇರೆ ಮೂಲೆಗಳಿಂದ. ಹಳೆಯ ಹವಾಮಾನ ಮಾಡೆಲ್‌ಗಳು 1974ರ ಒಂದು ಸರಳ ಸೂತ್ರವನ್ನೇ ನಂಬಿಕೊಂಡಿದ್ದವು, ಅದರಲ್ಲಿ ನೀರಾವಿಯ ಹೀರಿಕೆ ಕಡಿಮೆಯಿತ್ತು. ಹೈಟ್ರಾನ್ ಎಂಬ ರೋಹಿತರೇಖೆಗಳ ದತ್ತಕೋಶದಲ್ಲಿ ನೀರಾವಿಯ ಕೆಲವು ರೇಖೆಗಳ ಬಲವೇ ತಪ್ಪಾಗಿ ದಾಖಲಾಗಿತ್ತು, 2000ದ ಆಸುಪಾಸು ಅದನ್ನು ತಿದ್ದಿದರು. ಕಣಗಳ ಹೀರಿಕೆ ಲೆಕ್ಕಕ್ಕೆ ಸೇರಿತು. ಕೊನೆಯ ಆರೋಪಿ, ಪೈರನೋಮೀಟರ್. ಇದಕ್ಕೆ ಕೊಂಚ ಹೆಚ್ಚು ಜಾಗ ಬೇಕು.

ಅದಕ್ಕೂ ಮುನ್ನ ಒಂದು ಮಾತು. ವಾತಾವರಣದ ಹೀರಿಕೆಯನ್ನು ಯಾವ ಉಪಕರಣವೂ ನೇರವಾಗಿ ಅಳೆಯುವುದಿಲ್ಲ. ಮೇಲೆ ಒಳಬಂದದ್ದರಲ್ಲಿ ವಾಪಸ್ಸು ಹೋದದ್ದನ್ನು ಕಳೆಯಿರಿ. ಕೆಳಗೆ ತಲುಪಿದ್ದರಲ್ಲಿ ಕಡಲು ಪ್ರತಿಫಲಿಸಿದ್ದನ್ನು ಕಳೆಯಿರಿ. ಈ ಎರಡರ ವ್ಯತ್ಯಾಸವೇ ಹೀರಿಕೆ. ಒಂದು ಮಾದರಿ ದಿನ ಇಟ್ಟುಕೊಳ್ಳಿ: ಮೇಲೆ 415, ವಾಪಸ್ಸು 48, ಕೆಳಗೆ 295, ಕಡಲಿನಿಂದ ಮೇಲಕ್ಕೆ 17. ಉಳಿದದ್ದು 89 ವ್ಯಾಟ್. ಈಗ ಕೆಳಗಿನ 295ರಲ್ಲಿ ಬರೀ ಶೇ 2 ತಪ್ಪಾದರೆ 6 ವ್ಯಾಟ್, ಅಂದರೆ ನಿಮ್ಮ ಹೀರಿಕೆಯಲ್ಲಿ ಶೇ 7. ಒಂದು ಮೂಟೆ ಕಾಫಿ ಒಣಗಿಸುವ ಕಣದಲ್ಲಿ ಎಷ್ಟು ತೇವ ಬಿಟ್ಟಿತು ಎಂದು ತಿಳಿಯಲು ಲೋಡಾದ ಲಾರಿಯನ್ನು ವೇ ಬ್ರಿಜ್ ಮೇಲೆ ಎರಡು ಸಲ ನಿಲ್ಲಿಸಿದ ಹಾಗೆ. ಒಳ್ಳೆಯ ಪೈರನೋಮೀಟರ್‌ನ ದೈನಂದಿನ ನಿಖರತೆಯೇ ಶೇ 2–3ರ ಆಸುಪಾಸು. ಅಕ್ಟೋಬರ್‌ನ ನಿಮ್ಮ 4–5 ವ್ಯಾಟ್ ಆ ಮಿತಿಯ ಒಳಗೇ ಇದೆ. ಅದರ ಮೇಲೆ ದೊಡ್ಡ ಮಾತು ಕಟ್ಟಲು ಹೋಗಬೇಡಿ.

ಪೈರನೋಮೀಟರ್‌ನ ಗಾಜಿನ ಗುಮ್ಮಟ ಆಕಾಶವನ್ನೇ ನೋಡುತ್ತಾ ಕೂತಿರುತ್ತದೆ. ಮೋಡವಿಲ್ಲದ ಒಣ ಆಕಾಶ ಅವಕೆಂಪಿನಲ್ಲಿ ತಣ್ಣಗಿರುವುದರಿಂದ ಗುಮ್ಮಟ ತನ್ನ ಶಾಖ ಕಳೆದುಕೊಂಡು ಒಳಗಿನ ಕಪ್ಪು ತಟ್ಟೆಗಿಂತ ತಂಪಾಗುತ್ತದೆ. ತಟ್ಟೆ ಗುಮ್ಮಟಕ್ಕೆ ಶಾಖ ಬಿಟ್ಟುಕೊಡುತ್ತದೆ, ಉಪಕರಣ ಅದನ್ನೇ ‘ಬಿಸಿಲು ಕಡಿಮೆ’ ಎಂದು ಓದುತ್ತದೆ. ರಾತ್ರಿ ಇದು ಬೆತ್ತಲೆಯಾಗಿ ಕಾಣುತ್ತದೆ: ಸೂರ್ಯನಿಲ್ಲದಾಗ ಸೊನ್ನೆ ಬರಬೇಕಾದ ಕಡೆ ಮೈನಸ್ 3, ಮೈನಸ್ 6. ಹಗಲಿನಲ್ಲೂ ಅದು ಇರುತ್ತದೆ, ಅಂಕಿಯೊಳಗೆ ಅಡಗಿರುತ್ತದೆ ಅಷ್ಟೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮೋಡವಿಲ್ಲದ ದಿನಗಳ ಚದುರಿದ ಬೆಳಕು ಮಾಡೆಲ್‌ಗಿಂತ ಕಡಿಮೆ ಬರುತ್ತಿದ್ದುದಕ್ಕೆ ಇದೂ ಒಂದು ಕಾರಣ ಎಂದು ಆಮೇಲೆ ತಿಳಿಯಿತು. ಆದ್ದರಿಂದ ಮೊದಲ ಕೆಲಸ: ನಿಮ್ಮ ಕಡತದಲ್ಲಿ ರಾತ್ರಿ ಹನ್ನೆರಡರಿಂದ ನಾಲ್ಕರವರೆಗಿನ ಅಂಕಿಗಳನ್ನು ತೆರೆದು ನೋಡಿ. ಎಲ್ಲವೂ ಚೊಕ್ಕ ಸೊನ್ನೆ ಇದ್ದರೆ ಖುಷಿಪಡಬೇಡಿ, ಯಾರೋ ಮೈನಸ್‌ಗಳನ್ನೆಲ್ಲ ಸೊನ್ನೆ ಮಾಡಿದ್ದಾರೆ ಎಂದರ್ಥ. ಮೂಲ ಕಡತ ಕೇಳಿ ತರಿಸಿಕೊಳ್ಳಿ.

ಉಪಕರಣದ ಬೇರೆ ರೋಗಗಳಿಗೂ ಅವುಗಳದೇ ಲಕ್ಷಣಗಳಿವೆ. ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ ಎಂದಾದರೆ ಅದು ಮಟ್ಟಸವಾಗಿ ಕೂತಿಲ್ಲ. ಸೂರ್ಯ ಇಳಿದಂತೆ ವ್ಯತ್ಯಾಸ ಶೇಕಡಾವಾರು ಹೆಚ್ಚಿದರೆ ಓರೆ ಬಿಸಿಲಿಗೆ ಅದರ ಸ್ಪಂದನೆ ಸರಿಯಿಲ್ಲ. ದಿನದಿನಕ್ಕೆ ಇಳಿಯುತ್ತಾ ಹೋಗಿ ಒಂದು ಮಳೆ ಬಿದ್ದ ಮರುದಿನ ಹಾರಿದರೆ ಗುಮ್ಮಟದ ಮೇಲೆ ಉಪ್ಪು ಕೂತಿತ್ತು. ದ್ವೀಪದಲ್ಲಿ ದಿನಾ ಒರೆಸದಿದ್ದರೆ ಇದು ಖಾತ್ರಿ. ನೀವು ಹಡಗಿನ ಅಂಕಿ ಆರಿಸದೆ ದ್ವೀಪದ ಅಂಕಿ ಆರಿಸಿದ್ದು ಒಳ್ಳೆಯದಾಯಿತು. ಹಡಗಿನಲ್ಲಿ ಇದರ ಮೇಲೆ ಹೊಯ್ದಾಟ, ಕಂಬದ ನೆರಳು, ಚಿಮಣಿ ಹೊಗೆ ಬೇರೆ.

ಈಗ ಫೆಬ್ರವರಿ ಮತ್ತು ಅಕ್ಟೋಬರ್ ಎರಡನ್ನೂ ಪಕ್ಕಪಕ್ಕ ಇಡಿ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅದೇ. ತಪ್ಪು ನೀರಾವಿಯ ಲೆಕ್ಕದ್ದಾಗಿದ್ದರೆ ತೇವ ಹೆಚ್ಚಿರುವ ಅಕ್ಟೋಬರ್‌ನಲ್ಲಿ ವ್ಯತ್ಯಾಸ ಜಾಸ್ತಿಯಿರಬೇಕಿತ್ತು. ನಿಮ್ಮಲ್ಲಿ ತಿರುಗುಮುರುಗಾಗಿದೆ, ಹಾಗಾಗಿ ನೀರಾವಿ ಮುಖ್ಯ ಆರೋಪಿಯಲ್ಲ. ಉಳಿದವರು ಇಬ್ಬರು: ಮೂಡಲ ಗಾಳಿಯ ಮಸಿ, ಮತ್ತು ಒಣ ಆಕಾಶಕ್ಕೆ ತಣ್ಣಗಾಗುವ ಗುಮ್ಮಟ. ತೊಂದರೆ ಏನೆಂದರೆ ಇಬ್ಬರೂ ಫೆಬ್ರವರಿಯಲ್ಲೇ ಜೋರು, ಇಬ್ಬರೂ ಚದುರಿದ ಬೆಳಕನ್ನೇ ಕಡಿಮೆ ತೋರಿಸುವವರು. ಬೇರ್ಪಡಿಸುವುದು ಆ ರಾತ್ರಿಯ ಅಂಕಿಗಳಿಂದ. ಉಷ್ಣವಲಯದ ದ್ವೀಪದಲ್ಲಿ ಫೆಬ್ರವರಿಯಲ್ಲೂ ತಕ್ಕಮಟ್ಟಿಗೆ ತೇವ ಇರುವುದರಿಂದ ಗುಮ್ಮಟದ ಪಾಲು ದೊಡ್ಡದಿರಲಾರದು ಎಂದು ನನ್ನ ಅಂದಾಜು.

ಮಾಡೆಲ್ ಕಡೆ ಬನ್ನಿ. ಎಸ್‌ಬಿಡಾರ್ಟ್‌ನ ‘ಕಡಲ’ ಕಣಗಳೆಂದರೆ ಬಹುಪಾಲು ಉಪ್ಪು. ಉಪ್ಪು ಬೆಳಕನ್ನು ಚದುರಿಸುತ್ತದೆ, ಹೀರುವುದು ಇಲ್ಲವೆನ್ನುವಷ್ಟು ಕಡಿಮೆ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಚದುರುವ ಪಾಲು 0.99ರ ಹತ್ತಿರ. ಇಂಡೋಎಕ್ಸ್ ಕಾಲದ ಮಬ್ಬಿನಲ್ಲಿ ಅದು ಸುಮಾರು 0.9. ಅಂದರೆ ನೀವು ಕೊಟ್ಟ ಆಪ್ಟಿಕಲ್ ಡೆಪ್ತ್ ಸರಿ, ಆದರೆ ಮಸಿಯನ್ನು ಉಪ್ಪೆಂದು ಮಾಡೆಲ್‌ಗೆ ಪರಿಚಯಿಸಿದ್ದೀರಿ. ಅದು ಆ ಬೆಳಕನ್ನು ಚದುರಿಸಿ ಅರ್ಧಕ್ಕಿಂತ ಹೆಚ್ಚನ್ನು ಕೆಳಗೇ ಕಳಿಸುತ್ತದೆ, ನಿಜವಾದ ಮಬ್ಬು ಅದರಲ್ಲಿ ಒಂದಷ್ಟನ್ನು ನುಂಗುತ್ತದೆ. ನಿಮ್ಮ ಕೊರತೆಯ ಬಹುಭಾಗ ಇಲ್ಲೇ ಇದೆ ಎನ್ನುವುದು ಇದಕ್ಕೇ.

ಜೊತೆಗೆ ಎರಡು ಸಣ್ಣ ಸಂಗತಿ ನೋಡಿಕೊಳ್ಳಿ. ಸೂರ್ಯನ ಕೋನವನ್ನು ನೀವೇ ಕೊಟ್ಟು ಓಡಿಸಿದ್ದರೆ ಭೂಮಿ–ಸೂರ್ಯರ ದೂರದ ತಿದ್ದುಪಡಿಯನ್ನೂ ನೀವೇ ಕೊಡಬೇಕು. ಫೆಬ್ರವರಿ ಮಧ್ಯದಲ್ಲಿ ಅದು ಸುಮಾರು ಶೇ 2.5 ಹೆಚ್ಚು, ಅಕ್ಟೋಬರ್ ಮೊದಲ ವಾರ ಹೆಚ್ಚೂಕಡಿಮೆ ಸೊನ್ನೆ. ಮರೆತಿದ್ದರೆ ನಿಮ್ಮ ಫೆಬ್ರವರಿಯ ನಿಜವಾದ ವ್ಯತ್ಯಾಸ ಈಗ ಕಾಣುವುದಕ್ಕಿಂತ ದೊಡ್ಡದು. ಹಾಗೆಯೇ ‘ಟ್ರಾಪಿಕಲ್’ ವಾತಾವರಣವನ್ನು ಇದ್ದಂತೆಯೇ ಬಿಟ್ಟಿದ್ದರೆ ಅದರಲ್ಲಿ ನೀರಾವಿ ವರ್ಷವಿಡೀ ಸುಮಾರು 4.1 ಸೆಂಟಿಮೀಟರ್, ಆಯಾ ದಿನದ ಅಳತೆಯನ್ನು ತುಂಬಿ. ಇನ್ನು ಎಸ್‌ಬಿಡಾರ್ಟ್ ಪ್ರಕಟವಾದದ್ದು 1998ರಲ್ಲಿ. ಅನಿಲಗಳ ಹೀರಿಕೆಗೆ ಅದು ಬಳಸುವುದು ಅದಕ್ಕೂ ಹಿಂದಿನ ಲೋಟ್ರಾನ್-7 ಎಂಬ ಮಾಡೆಲ್‌ನ ಅಂಕಿಗಳನ್ನು. ಅಕ್ಟೋಬರ್‌ನ ಚಿಲ್ಲರೆ ವ್ಯಾಟ್‌ಗಳಲ್ಲಿ ಇದರದ್ದೂ ಪಾಲಿರಬಹುದು.

ಉಪಗ್ರಹ ಮಾಡೆಲ್ ಪಕ್ಕದಲ್ಲಿದೆ ಎಂದಿರಿ. ಹಾಸನದವರಿಗೆ ಇನ್ಸಾಟ್ ಮೇಲೆ ಮಮತೆ ಸಹಜ, ಸಾಲಗಾಮೆ ರಸ್ತೆಯ ಎಂಸಿಎಫ್ ಎಂಬ ಇಸ್ರೋ ಕೇಂದ್ರದಿಂದಲೇ ಅದರ ನಿಯಂತ್ರಣ. ಆದರೆ ಇನ್ಸಾಟ್ ಇಮೇಜರ್ ನೋಡುವುದು ಕೆಲವು ಕಿರಿದಾದ ಪಟ್ಟಿಗಳನ್ನು. ಅದರ ದೃಗ್ಗೋಚರ ಪಟ್ಟಿ 0.55ರಿಂದ 0.75 ಮೈಕ್ರೋಮೀಟರ್. ನೀರಾವಿ ಬಿಸಿಲನ್ನು ನುಂಗುವ ದೊಡ್ಡ ಪಟ್ಟಿಗಳು ಅದರ ಹೊರಗಿವೆ. ನೆಲಕ್ಕೆ ತಲುಪಿದ ಬಿಸಿಲು ಎಂದು ಅದು ಕೊಡುವ ಅಂಕಿ ಇನ್ನೊಂದು ಮಾಡೆಲ್‌ನ ಮೂಲಕ ಹಾದು ಬಂದದ್ದು. ಎರಡು ಮಾಡೆಲ್‌ಗಳು ಪರಸ್ಪರ ಒಪ್ಪಿದರೆ ಸಾಕ್ಷಿ ಇಬ್ಬರಾಗುವುದಿಲ್ಲ. ಮೇಲಿನ ಅಂಚಿನಲ್ಲಿ ವಾಪಸ್ಸು ಹೋಗುವ ಬಿಸಿಲನ್ನು ಪೂರ್ತಿ ಅಗಲದಲ್ಲಿ ಅಳೆದದ್ದು ಬೇಕಿದ್ದರೆ ಟೆರ್ರಾ ಮತ್ತು ಆಕ್ವಾ ಉಪಗ್ರಹಗಳ ಸೆರೆಸ್ ಉಪಕರಣದ ಅಂಕಿ ನೋಡಿ. ನಿಮ್ಮ ದತ್ತಾಂಶದ ವರ್ಷಕ್ಕೆ ಹೊಂದಿದರೆ ಇಸ್ರೋ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದಲ್ಲಿದ್ದ ಸ್ಕಾರಬ್ ಉಪಕರಣದ್ದೂ ಆದೀತು. ಕಡಲು ಕಪ್ಪಗೆ, ಏಕರೂಪವಾಗಿ ಇರುವುದರಿಂದ ಅದರ ಮೇಲಿನ ಮಬ್ಬು ಉಪಗ್ರಹಕ್ಕೆ ಚೆನ್ನಾಗಿ ಕಾಣುತ್ತದೆ. ಈ ಕೆಲಸಕ್ಕೆ ಎಲ್ಲರೂ ಸಮುದ್ರ ಹುಡುಕಿಕೊಂಡು ಹೋಗುವುದು ಅದಕ್ಕೇ.

ಎರಡು ತಿಂಗಳಲ್ಲಿ ಏನು ಮಾಡಬಹುದು? ಗೈಡ್ ಹೇಳಿದಂತೆ 0.95ರಿಂದ ಗುಣಿಸಿದರೆ ನಕ್ಷೆ ಚಂದ ಕಾಣುತ್ತದೆ, ಆದರೆ ಅಕ್ಟೋಬರ್ ಕೆಡುತ್ತದೆ: ಅಲ್ಲಿ 4–5 ಕಡಿಮೆಯಿದ್ದ ಅಳತೆ ಈಗ ಮಾಡೆಲ್‌ಗಿಂತ ಸುಮಾರು ಹತ್ತು ಹೆಚ್ಚಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತೆ. ವೈವಾದಲ್ಲಿ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಯೂ ಅದೇ ಆಗುತ್ತದೆ.

ಕಣಗಳ ಚದುರಿಕೆಯ ಪಾಲನ್ನು 0.99ರಿಂದ ಇಳಿಸುತ್ತಾ ಹೋಗಿ, ಗೆರೆ ಕೂಡಿದಲ್ಲಿ ನಿಲ್ಲಿಸುವುದು ಇನ್ನೊಂದು ದಾರಿ. ತುಂಬ ಜನ ಇದನ್ನೇ ಮಾಡುತ್ತಾರೆ. ಇದರ ಅಪಾಯ ಏನೆಂದರೆ ಗುಮ್ಮಟ ತಣ್ಣಗಾಗುವ ತಪ್ಪು, ಅದರ ಮೇಲೆ ಕೂತ ಉಪ್ಪಿನ ತಪ್ಪು, ಹಳೆಯ ರೋಹಿತದ ತಪ್ಪು ಎಲ್ಲವೂ ಆ ಒಂದು ಸಂಖ್ಯೆಯೊಳಗೆ ಹೋಗಿ ಕೂರುತ್ತವೆ, ಆಮೇಲೆ ಅದನ್ನೇ ನೀವು ‘ಮಸಿಯ ಗುಣ’ ಎಂದು ಬರೆಯುತ್ತೀರಿ. ಕಪ್ಪು ಇಂಗಾಲವನ್ನು, ಅಂದರೆ ಮಸಿಯನ್ನು, ಪ್ರತ್ಯೇಕವಾಗಿ ಅಳೆದ ಅಂಕಿ ಸಿಕ್ಕರೆ ಮಾತ್ರ ಈ ದಾರಿ ಹಿಡಿಯಿರಿ. ಇಸ್ರೋದ ಕಣಮಾಪನ ಜಾಲದಲ್ಲಿ ಮಿನಿಕಾಯ್ ಇದೆ, ಕೇಳಿ ನೋಡಿ. ಏರೋನೆಟ್ ಎಂಬ ಜಾಗತಿಕ ಕಣಮಾಪನ ಜಾಲದ ಅಂದಾಜುಗಳನ್ನು ಬಳಸುವುದಾದರೆ 440 ನ್ಯಾನೋಮೀಟರ್‌ನಲ್ಲಿ ಆಪ್ಟಿಕಲ್ ಡೆಪ್ತ್ 0.4ಕ್ಕಿಂತ ಹೆಚ್ಚಿದ್ದಾಗಿನವನ್ನೇ ನಂಬಿ. ಮಾಡೆಲ್ಲನ್ನೇ ಬದಲಿಸಿ ಲಿಬ್‌ರಾಡ್‌ಟ್ರಾನ್ ಎಂಬ ಇನ್ನೊಂದು ಮಾಡೆಲ್‌ಗೆ ಹೋಗುವುದು ವಿಜ್ಞಾನದ ದೃಷ್ಟಿಯಿಂದ ಒಳ್ಳೆಯದು, ಆದರೆ ಅದನ್ನು ಕಲಿಯುವುದರಲ್ಲೇ ಸೆಮಿಸ್ಟರ್ ಮುಗಿದುಹೋಗಬಹುದು. ಪಿಎಚ್.ಡಿ.ಗೆ ಇಟ್ಟುಕೊಳ್ಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ದಿನಗಳನ್ನು ಇನ್ನೊಮ್ಮೆ ಜಾಲಾಡುವುದು. ಉಷ್ಣವಲಯದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಎತ್ತರದ ಹಿಮಮೋಡ ಸಾಮಾನ್ಯ, ನಿಮಿಷ ನಿಮಿಷದ ಅಂಕಿ ನುಣುಪಾಗಿಲ್ಲದ ದಿನಗಳನ್ನು ಬಿಟ್ಟುಬಿಡಿ. ರಾತ್ರಿಯ ಮೈನಸ್ಸನ್ನು ಹಗಲಿಗೆ ತಿದ್ದಿ. ದೂರ, ನೀರಾವಿ ಸರಿಪಡಿಸಿ. ಆಮೇಲೆ ಒಂದೇ ಒಂದು ನಕ್ಷೆ: ಅಡ್ಡಕ್ಕೆ ಆಪ್ಟಿಕಲ್ ಡೆಪ್ತ್, ಉದ್ದಕ್ಕೆ ಮಾಡೆಲ್ ಮತ್ತು ಅಳತೆಯ ವ್ಯತ್ಯಾಸ. ಮಸಿಯೇ ಕಾರಣವಾಗಿದ್ದರೆ ಚುಕ್ಕೆಗಳು ಓರೆಯಾಗಿ ಏರುತ್ತವೆ. ಗೆರೆಯನ್ನು ಹಿಂದಕ್ಕೆಳೆದು ಆಪ್ಟಿಕಲ್ ಡೆಪ್ತ್ ಸೊನ್ನೆಯಾದಲ್ಲಿ ಉಳಿಯುವ ವ್ಯಾಟ್ ಕಣಗಳಿಗೆ ಸಂಬಂಧಿಸಿದ್ದಲ್ಲ, ಅದು ಉಪಕರಣ ಮತ್ತು ಅನಿಲಗಳ ಲೆಕ್ಕಕ್ಕೆ. ಗೆರೆ ಏರದೆ ಮಟ್ಟಸವಾಗಿದ್ದರೆ ನಾನು ಇಲ್ಲಿ ಹೇಳಿದ್ದು ತಪ್ಪು, ಪೈರನೋಮೀಟರ್‌ನ ಮಾಪನಾಂಕ ಕೊನೆಯದಾಗಿ ಯಾವಾಗ ಪರಿಶೀಲನೆಯಾಯಿತು ಎಂದು ಹುಡುಕಿ. ಈ ದಾರಿಗೂ ಒಂದು ದೌರ್ಬಲ್ಯ ಇದೆ: ಮಬ್ಬು ಮತ್ತು ಒಣಹವೆ ಜೊತೆಜೊತೆಗೇ ಬರುವುದರಿಂದ ಓರೆಗೆರೆ ಪೂರ್ತಿ ಮಸಿಯದೇ ಎಂದು ಆಣೆಯಿಡಲಾಗದು, ಅಕ್ಟೋಬರ್‌ನ ಚುಕ್ಕೆಗಳೂ ಕಡಿಮೆ. ಅದನ್ನು ವರದಿಯಲ್ಲಿ ಬರೆಯಿರಿ.

ಈ ಮಬ್ಬು ನಮ್ಮ ಮಳೆ ಕಸಿಯುತ್ತದೆಯೇ ಎಂದು ನಿಮ್ಮ ತಂದೆ ಮುಂದೆ ಕೇಳಿಯೇ ಕೇಳುತ್ತಾರೆ. ಕಡಲಿಗೆ ಬಿಸಿಲು ತಗ್ಗಿದರೆ ಆವಿಯಾಗುವುದೂ ತಗ್ಗುತ್ತದೆ, ನಡುಗಾಳಿ ಬಿಸಿಯಾಗುತ್ತದೆ, ಮುಂಗಾರಿನ ಮೇಲೆ ಅದರ ಪರಿಣಾಮ ಇದೆ ಎಂಬ ವಾದ ಬಲವಾಗಿಯೇ ಇದೆ, ಎಷ್ಟು ಎಂಬುದರ ಬಗ್ಗೆ ಒಮ್ಮತವಿಲ್ಲ. ಒಂದು ವರ್ಷ ಸಕಲೇಶಪುರದಲ್ಲಿ ಹೂಮಳೆ ತಪ್ಪಿದ್ದಕ್ಕೆ ಇದನ್ನು ಹೊಣೆ ಮಾಡುವಂತಿಲ್ಲ.

ಗೈಡ್ ಹತ್ತಿರ ವಾದಕ್ಕೆ ಹೋಗಬೇಡಿ. 0.95ರಿಂದ ಗುಣಿಸಿದ ಅಕ್ಟೋಬರ್ ನಕ್ಷೆ ಒಂದು, ಆಪ್ಟಿಕಲ್ ಡೆಪ್ತ್ ನಕ್ಷೆ ಒಂದು, ಎರಡನ್ನೂ ಪ್ರಿಂಟ್ ಮಾಡಿ ಅವರ ಮೇಜಿನ ಮೇಲಿಟ್ಟು ‘ಸರ್, ಯಾವುದನ್ನು ಹಾಕಲಿ?’ ಎಂದು ಕೇಳಿ.